ಮಾಸಿಕದ ಮರುದಿನ ಕೊಟ್ಟ ರಕ್ತ

ಮನೆಯಲ್ಲಿ ಒಬ್ಬರು ಎದೆನೋವಿನಿಂದ ಹೋದರೆ ಉಳಿದವರಿಗೆಲ್ಲ ಎದೆ ಬರುತ್ತದೆ. ಅದಕ್ಕೆ ಮುಂಚೆ ಅದು ಇರುವುದಿಲ್ಲವೆಂದಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು, ಪೆನ್ನು ಸಿಕ್ಕಿಸಿಕೊಳ್ಳಲು ಬೇಕಾದ ಜಾಗವಾಗಿ ಇರುತ್ತದೆ, ಅಷ್ಟೆ. ನನ್ನ ಅಣ್ಣ ಒಂದು ಬೆಳಿಗ್ಗೆ ಗಂಗಾನಗರದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಆ ದಿನದಿಂದ ನನಗೂ ಎದೆ ಬಂತು. ಬಾವಿಯಿಂದ ನೀರು ಸೇದಿದರೆ ಅಲ್ಲಿ ಏನೋ ಎಳೆದಂತೆ, ಹುರಳಿಕಾಳಿನ ಸಾರು ತಿಂದರೆ ಅಲ್ಲಿ ಏನೋ ಒತ್ತಿದಂತೆ. ಯಲಹಂಕದ ಕಡೆಯಿಂದ ವಿಮಾನವೊಂದು ತಗ್ಗಿನಲ್ಲಿ ಹಾರಿಹೋದರೆ ಕಿಟಕಿಯ ಗಾಜು ಅದುರುವಂತೆ ನನ್ನ ಎದೆಯೂ ಅದುರುತ್ತಿತ್ತು. ಗಾಜಿನದು ವಿಮಾನದಿಂದ ಎಂದು ಒಪ್ಪುತ್ತಿದ್ದೆ, ನನ್ನದು ಮಾತ್ರ ಹಾಗಲ್ಲ ಎಂದು ಮಂಚದ ಮೇಲೆ ಕೂತು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ನಾಡಿ ನೋಡುವುದು ನನಗೆ ಬರುವುದಿಲ್ಲ. ಎಷ್ಟೋ ಸಲ ಅದು ಸಿಗುತ್ತಲೇ ಇರಲಿಲ್ಲ. ಆಗ ಆಗುತ್ತಿದ್ದ ಗಾಬರಿಗೆ ಒಳ್ಳೆಯ ಎದೆಯೂ ನಿಂತುಹೋಗಬಹುದಿತ್ತು.

ನಾನು ಯಶವಂತಪುರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಅಣ್ಣನೂ ಅಲ್ಲೇ, ಯಂತ್ರದ ಮೇಲೆ. ಗದಗಿನ ಕಡೆಯಿಂದ ಮೊದಲು ಬಂದವನು ಅವನು. ನನ್ನನ್ನು ಕರೆಸಿ, ಎಸ್ಸೆಸ್ಸೆಲ್ಸಿವರೆಗೆ ಓದಿಸಿ, ಕೆಲಸಕ್ಕೆ ಸೇರಿಸಿದವನೂ ಅವನೇ. ಅವನು ಹೋದ ಮೇಲೆ ಉಗ್ರಾಣದಲ್ಲಿ ನಾನು ಬೋಲ್ಟಿನ ಪೆಟ್ಟಿಗೆ ಎತ್ತುವುದನ್ನು ನಿಲ್ಲಿಸಿದೆ. ನನ್ನ ಜೊತೆಗಿದ್ದ ಕೊಡಿಗೇಹಳ್ಳಿಯ ಕೆಂಪಣ್ಣ ಎರಡು ವಾರ ಸುಮ್ಮನೆ ತಾನೇ ಎತ್ತಿಟ್ಟ. ಆಮೇಲೆ ಒಂದು ದಿನ ಸೊಂಟ ಹಿಡಿದುಕೊಂಡು ಕೇಳಿದ: "ಏನ್ ಸ್ವಾಮಿ, ನಿಮ್ಗೆ ಎದೆ ಅಂತೀರಾ, ನನ್ಗೆ ಬೆನ್ನೈತೆ. ಇಂಗೇ ಆದ್ರೆ ನಿಮ್ಗಿಂತ ಮುಂಚೆ ನಾನೇ ಓಗ್ತೀನಿ. ಡಾಕ್ಟ್ರ ತಾವ ಓಗ್ಬಾರದಾ?" ಮನೆಯಲ್ಲಿ ನನ್ನ ಹೆಂಡತಿ ಸರೋಜ ಹೇಳುತ್ತಿದ್ದದ್ದೂ ಇದನ್ನೇ. ನಾನು ಹೋಗಿರಲಿಲ್ಲ. ಡಾಕ್ಟರು ಏನೂ ಇಲ್ಲ ಎಂದುಬಿಟ್ಟರೆ ನಾಚಿಕೆ, ಇದೆ ಎಂದುಬಿಟ್ಟರೆ ಗತಿಯೇನು ಎಂಬ ಎರಡು ಹೆದರಿಕೆಗಳ ನಡುವೆ ಹಾಯಾಗಿ ಕೂತಿದ್ದೆ.

ಹೋಗದೆ ಇರಲು ಮೂರನೆಯ ಕಾರಣವೂ ಒಂದಿತ್ತು. ಅದು ನಮ್ಮ ವೈನಿ. ನಮ್ಮ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತೇವೆ. ವೈನಿ ಮನೆ ತುಂಬಿದಾಗ ನಾನು ಅರ್ಧ ಚಡ್ಡಿ ಹಾಕುತ್ತಿದ್ದೆ. ಈಗಲೂ ಅವರ ಕಣ್ಣಿಗೆ ನಾನು ಅದನ್ನೇ ಹಾಕಿಕೊಂಡಿದ್ದೇನೆ. ಅವರಿಗೆ ಮಕ್ಕಳಾಗಲಿಲ್ಲ. ಅಣ್ಣನಿಗೆ ಬಡಿಸುವುದೇ ಅವರ ದಿನದ ದೊಡ್ಡ ಕೆಲಸವಾಗಿತ್ತು. ಅಣ್ಣನಿಗೋ ಎರಡನೆಯ ಪಾಳಿ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಚಪಾತಿ. ನಿಜವಾದ ಊಟವೆಲ್ಲ ಅವನು ಮನೆಗೆ ಬಂದ ಮೇಲೆ, ಊರು ಮಲಗಿದ ಹೊತ್ತಿಗೆ. ಆ ತನಕ ವೈನಿಯೂ ಉಣ್ಣುತ್ತಿರಲಿಲ್ಲ. ಅವನ ಅನ್ನದ ಮೇಲೆ ತುಪ್ಪದ ಮಿಳ್ಳೆ ಬಗ್ಗಿದರೆ ಅದು ಏಳುವುದು ಮಿಳ್ಳೆಗೇ ಬೇಸರವಾದ ಮೇಲೆ. ಕೊಡಿಗೇಹಳ್ಳಿಯಿಂದ ಬರುವ ಬೆಣ್ಣೆಯನ್ನು ವೈನಿ ಕೈಯಾರೆ ಕಾಯಿಸುತ್ತಿದ್ದರು. ಕಾಯಿಸುವ ದಿನ ನಮ್ಮ ಬೀದಿಯಲ್ಲಿ ನಡೆದುಹೋಗುವವರು ಒಂದು ಕ್ಷಣ ನಿಂತು ಹೋಗುತ್ತಿದ್ದರು.

ಅಣ್ಣ ಹೋದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಊರಿನಿಂದ ಬಂದಿದ್ದ ನೆಂಟರೊಬ್ಬರು ಹಿತ್ತಲಲ್ಲಿ ಕೈ ತೊಳೆಯುತ್ತ ಇನ್ನೊಬ್ಬರಿಗೆ ಹೇಳಿದರು: "ತುಪ್ಪಾ ಹಾಕಿ ಹಾಕಿ ಕಳಿಸಿಬಿಟ್ಟಳ್ರೀ ಗಂಡನ್ನ." ವೈನಿ ಬಾಗಿಲ ಹಿಂದೆ ಬಟ್ಟೆ ಹಿಂಡುತ್ತಿದ್ದರು. ನಾನು ನೋಡಿದೆ, ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದರು. ಆ ಮಾತಿನ ಸುದ್ದಿಯನ್ನು ಅವರು ಯಾರೆದುರೂ ಎತ್ತಲಿಲ್ಲ. ಬದಲಿಗೆ ತುಪ್ಪ ಹೆಚ್ಚಿಸಿದರು. ನಮ್ಮ ಮನೆಯಲ್ಲಿ ಅದುವರೆಗೆ ತುಪ್ಪ ರುಚಿಗಾಗಿ ಇತ್ತು. ಆಮೇಲೆ ಅದು ಒಂದು ವಾದವಾಯಿತು. ನನ್ನ ತಟ್ಟೆಗೆ ಬೀಳುವ ಪ್ರತಿಯೊಂದು ಮಿಳ್ಳೆಯೂ ಆ ನೆಂಟರಿಗೆ ಕೊಡುವ ಉತ್ತರ. ನೋಡಿ, ಇವನು ತಿನ್ನುತ್ತಾನೆ, ಇವನಿಗೇನಾಗಿದೆ? ಇವನಿಗೆ ಏನಾಗಿದೆ ಎಂದು ಇವನೂ ನಾಡಿ ಹುಡುಕುತ್ತ ಕೂತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಈ ವಾದದ ದೊಡ್ಡ ಅಧಿವೇಶನ ನಡೆಯುತ್ತಿದ್ದದ್ದು ತಿಂಗಳಿಗೊಮ್ಮೆ, ಮಾಸಿಕದ ದಿನ. ಸತ್ತವರಿಗೆ ಮೊದಲ ವರ್ಷ ತಿಂಗಳು ತಿಂಗಳೂ ಶ್ರಾದ್ಧ ಮಾಡಬೇಕು. ಅಣ್ಣನಿಗೆ ಮಗನಿಲ್ಲದ್ದರಿಂದ ಕರ್ತೃ ನಾನೇ. ಆ ದಿನ ಕರ್ತೃವಿಗೆ ಬೆಳಿಗ್ಗೆ ಕಾಫಿಯೂ ಇಲ್ಲ. ಆಚಾರ್ರು ಮಲ್ಲೇಶ್ವರದಿಂದ ಸೈಕಲ್ಲಿನಲ್ಲಿ ಬರಬೇಕು. ಅವರು ಬರುವ ದಾರಿಯಲ್ಲಿ ಬೇರೆ ಮನೆಗಳ ಪಿತೃಗಳೂ ಇರುತ್ತಿದ್ದರು. ಹೋಮ, ತರ್ಪಣ ಮುಗಿದು ಬ್ರಾಹ್ಮಣರು ಉಂಡು, ಕಾಗೆಗೆಂದು ಗೋಡೆಯ ಮೇಲಿಟ್ಟ ಅನ್ನವನ್ನು ಕಾಗೆ ಮುಟ್ಟಿ, ಆಮೇಲೆ ನಾನು. ಈ ಕಾಗೆಯ ವಿಷಯ ಸ್ವಲ್ಪ ಹೇಳಬೇಕು. ಹೆಬ್ಬಾಳದ ಕೆರೆಯ ಕಡೆಯಿಂದ ನಮ್ಮ ಬೀದಿಗೆ ಬೇಡವೆಂದರೂ ಕಾಗೆಗಳು ಬರುತ್ತಿದ್ದವು. ಒಣಹಾಕಿದ ಹಪ್ಪಳವನ್ನು ಕಣ್ಣೆದುರೇ ಎತ್ತಿಕೊಂಡು ಹೋಗುತ್ತಿದ್ದವು. ಮಾಸಿಕದ ದಿನ ಮಾತ್ರ ಒಂದೂ ಇಲ್ಲ. ಆರ್.ಟಿ. ನಗರದ ಮಾಂಸದಂಗಡಿಯ ಮುಂದೆ ಹೊಟ್ಟೆ ತುಂಬಿಸಿಕೊಂಡು ಬಂದದ್ದೊಂದು ಎದುರುಮನೆಯ ಹೊಂಗೆ ಮರದಲ್ಲಿ ಕೂತು ನಮ್ಮ ಅನ್ನವನ್ನು ವಾರೆನೋಟದಿಂದ ನೋಡುತ್ತಿತ್ತು. ವೈನಿ ಗೋಡೆಯ ಪಕ್ಕ ನಿಂತು ಅದನ್ನೇ ನೋಡುತ್ತಿದ್ದರು. ಅದು ತಡಮಾಡಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. "ಅವರಿಗೆ ಸಿಟ್ಟದ ಏನೋ" ಎನ್ನುತ್ತಿದ್ದರು, ಯಾರಿಗೂ ಅಲ್ಲದಂತೆ. ಆಗ ನನ್ನ ಹಸಿವೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಬಾರಪ್ಪಾ ಎಂದು ಆ ಕಾಗೆಯನ್ನು ನಾನು ಬೇಡಿಕೊಂಡದ್ದು ಹೊಟ್ಟೆಗಾಗಿ ಅಲ್ಲ.

ಕಾಗೆ ಬಂದು ಕೊಕ್ಕು ಹಾಕಿದ ಮೇಲೆ ನನ್ನ ಎಲೆ. ಅಣ್ಣನಿಗೆ ಏನೇನು ಇಷ್ಟವೋ ಅದೆಲ್ಲ: ವಡೆ, ಕಜ್ಜಾಯ, ಖೀರು, ಅನ್ನ, ತುಪ್ಪ, ಅದರ ಮೇಲೆ ಇನ್ನಷ್ಟು ತುಪ್ಪ. ಆ ಎಲೆಯ ಮುಂದೆ ಕೂತವನು ನಾನಲ್ಲ, ನನ್ನ ಮೂಲಕ ಅಣ್ಣ ಉಣ್ಣುತ್ತಾನೆ ಎಂದು ವೈನಿಯ ನಂಬಿಕೆ. ಸಾಕು ಎಂದರೆ ಅಣ್ಣ ಸಾಕು ಎಂದಂತೆ. ಅವರು ಬಡಿಸುತ್ತ ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಮ್ಮ ಅಣ್ಣತಮ್ಮಂದಿರ ಕೈ ಒಂದೇ ತರಹ ಎಂದು ಹಿಂದೆ ಯಾವಾಗಲೋ ಹೇಳಿದ್ದರು. ಹೀಗಾಗಿ ನಾನು ತಿನ್ನುತ್ತಿದ್ದೆ. ತಿಂದು, ಹೊತ್ತು ಇಳಿಯುವವರೆಗೆ ಗೋಡೆಗೊರಗಿ ಕೂತು, ರಾತ್ರಿ ಒಪ್ಪತ್ತಿನ ನಿಯಮದಂತೆ ಏನೂ ತಿನ್ನದೆ, ಎದೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದೆ.

ಕೊನೆಗೆ ಸರೋಜಳೇ ನನ್ನನ್ನು ಆರ್.ಟಿ. ನಗರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಎದೆ, ಬೆನ್ನು ಎಲ್ಲ ಕೇಳಿದರು.

"ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇದೆಯಾ?"

"ನಮ್ಮಣ್ಣನಿಗಿತ್ತು."

"ಈಗ ಹೇಗಿದ್ದಾರೆ?"

ನಾನು ಸರೋಜಳ ಮುಖ ನೋಡಿದೆ. ಅವಳು ಡಾಕ್ಟರ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡಿದಳು. ಡಾಕ್ಟರಿಗೆ ಅರ್ಥವಾಯಿತು. ಕೊಳವೆಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಈ ಸಲ ಹೆಚ್ಚು ಹೊತ್ತು ಕೇಳಿದರು. ರಕ್ತದಲ್ಲಿ ಕೊಬ್ಬು ಎಷ್ಟಿದೆ ನೋಡಬೇಕು, ರಾತ್ರಿ ಬೇಗ ಊಟ ಮುಗಿಸಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ, ಕಾಫಿಯನ್ನೂ ಕುಡಿಯಬೇಡಿ ಎಂದರು.

ಕಾಫಿಯನ್ನೂ ಕುಡಿಯಬೇಡಿ ಎಂಬಲ್ಲಿ ನನ್ನ ಬುದ್ಧಿ ಚುರುಕಾಯಿತು. ಸುಮ್ಮಸುಮ್ಮನೆ ಇನ್ನೊಂದು ದಿನ ಯಾಕೆ ಹೊಟ್ಟೆ ಕಾಯಿಸಬೇಕು? ಮಾಸಿಕದ ದಿನ ಸಂಜೆಗೆ ಮುಂಚೆ ಉಂಡರೆ ರಾತ್ರಿಯೆಲ್ಲ ಹೇಗೂ ಏನೂ ಇಲ್ಲ. ಮರುದಿನ ಬೆಳಿಗ್ಗೆ ನನ್ನಷ್ಟು ಖಾಲಿಯಾದ ಹೊಟ್ಟೆ ಇಡೀ ಬೆಂಗಳೂರಿನಲ್ಲಿ ಇರುವುದಿಲ್ಲ. ಡಾಕ್ಟರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಂತೆ. ಒಂದೇ ಉಪವಾಸದಲ್ಲಿ ಅಣ್ಣನ ಕೆಲಸವೂ ಆಯಿತು, ನನ್ನ ಎದೆಯ ಕೆಲಸವೂ ಆಯಿತು. ಈ ಯೋಜನೆಯನ್ನು ಸರೋಜಳಿಗೆ ಹೇಳಿದಾಗ ಅವಳು, "ನಿಮ್ಮ ತಲೆ ಯಾಕ್ರೀ ಉಗ್ರಾಣದಲ್ಲಿ ಕೊಳೀತಿದೆ" ಎಂದಳು. ನಾನು ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

ಆ ತಿಂಗಳ ಮಾಸಿಕದಲ್ಲಿ ವಡೆ ವಿಶೇಷವಾಗಿ ಚೆನ್ನಾಗಿ ಬಂದಿತ್ತು. ಮರುದಿನ ಬೆಳಿಗ್ಗೆ ಹೋಗಿ ಧೈರ್ಯವಾಗಿ ತೋಳು ಚಾಚಿದೆ.

ಫಲ ತಿಳಿಯಲು ಹೋದಾಗ ಡಾಕ್ಟರು ನನ್ನನ್ನು ಕೂರಿಸಿ ಬಾಗಿಲು ಮುಚ್ಚಿಸಿದರು. ಡಾಕ್ಟರು ಬಾಗಿಲು ಹಾಕಿಸಿದರೆಂದರೆ ಏನೆಂದು ನನಗೆ ಗೊತ್ತು.

"ರಕ್ತವನ್ನ ಸ್ವಲ್ಪ ಹೊತ್ತು ಇಟ್ಟರೆ ಮೇಲೆ ತಿಳಿ ನಿಲ್ಲಬೇಕು ಕಣ್ರೀ. ನಿಮ್ಮದು ಗಂಜಿ ಹಾಗೆ ನಿಂತಿತ್ತಂತೆ. ಹಿಂದಿನ ದಿನ ಏನು ತಿಂದಿದ್ರಿ?"

ನಾನು ಹೇಳಿದೆ. ಕಜ್ಜಾಯದವರೆಗೆ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು.

"ಮದುವೆ ಮನೆಗೆ ಹೋಗಿದ್ರಾ?"

"ಇಲ್ಲ ಸರ್, ಶ್ರಾದ್ಧ."

"ಯಾರದು?"

"ಅಣ್ಣಂದು."

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ಅವರು ನಕ್ಕರೋ ಏನೋ ನನಗೆ ಕಾಣಲಿಲ್ಲ. ತಿರುಗಿ ಕೂತಾಗ ಮುಖ ಗಂಭೀರವಾಗಿತ್ತು. ಒಂದು ದಿನದ ಹಬ್ಬದೂಟ ಲೆಕ್ಕವನ್ನು ಸ್ವಲ್ಪ ಏರಿಸಿರಬಹುದು, ಆದರೆ ಇಷ್ಟೆಲ್ಲ ಅದರಿಂದಲೇ ಅಲ್ಲ. ದಿನವೆಲ್ಲ ಹೊಟ್ಟೆ ಕಾಯಿಸಿ ಒಮ್ಮೆಗೇ ತುಂಬುವುದು, ಹೊತ್ತಲ್ಲದ ಹೊತ್ತಿಗೆ ಉಂಡು ಹಾಗೇ ಮಲಗುವುದು ಒಳ್ಳೆಯದಲ್ಲ. ತುಪ್ಪ, ಕರಿದದ್ದು ಇಳಿಸಲೇಬೇಕು. "ಅಣ್ಣನಿಗೆ ಹೀಗಾಗಿದೆ ಅಂದಮೇಲೆ ನೀವು ಆಟ ಆಡೋ ಹಾಗಿಲ್ಲ. ಕೆಲವು ತಿಂಗಳು ಸರಿಯಾಗಿ ಊಟ ಮಾಡಿ, ಮತ್ತೆ ನೋಡೋಣ. ಆಗ ದಯವಿಟ್ಟು ಯಾರ ಶ್ರಾದ್ಧವೂ ಇಲ್ಲದ ವಾರದಲ್ಲಿ ಬನ್ನಿ."

ಮನೆಗೆ ಬಂದು ಸರೋಜ ಮತ್ತು ನಾನು ಕೋಣೆಯಲ್ಲಿ ಪಿಸುಮಾತಿನಲ್ಲಿ ಸಭೆ ಸೇರಿದೆವು. ತುಪ್ಪ ನಿಲ್ಲಿಸಿ ಎಂದು ವೈನಿಗೆ ಹೇಳುವುದು ಹೇಗೆ? ಹೇಳಿದರೆ, ಹಿತ್ತಲಲ್ಲಿ ಕೈ ತೊಳೆದ ಆ ನೆಂಟರ ಮಾತಿಗೆ ಡಾಕ್ಟರ ಸಹಿ ಬಿದ್ದ ಹಾಗೆ. ಇಷ್ಟು ವರ್ಷ ಪ್ರೀತಿಯಿಂದ ಬಡಿಸಿದ್ದು ವಿಷ ಎಂದು ಅವರ ಮುಖಕ್ಕೇ ಹೇಳಿದ ಹಾಗೆ. ಹೇಳದಿದ್ದರೆ ಬಾಗಿಲಲ್ಲಿ ಬಗ್ಗುವ ಸರದಿ ನನ್ನದು. "ಅಕ್ಕಂಗೆ ನಾನೇ ಹೇಳ್ಲಾ?" ಎಂದಳು ಸರೋಜ. "ಬೇಡ, ನಾನೇ ಹೇಳ್ತೀನಿ" ಎಂದೆ. ಹೊರಗೆ ಬಂದು ವೈನಿಯ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ಅರ್ಧ ಮಾತ್ರ: "ಡಾಕ್ಟ್ರು ಊಟದ ಹೊತ್ತು ಸರಿಯಿಲ್ಲ ಅಂದ್ರು ವೈನಿ. ಭಾಳ ತಡಾ ಮಾಡಬಾರದಂತ."

"ಅಷ್ಟ ಏನು?"

"ಅಷ್ಟ."

"ತುಪ್ಪದ ಮಾತು ಏನೂ ಆಡ್ಲಿಲ್ಲ?"

"ಇಲ್ಲ."

ಅವರ ಹೆಗಲು ಸ್ವಲ್ಪ ಇಳಿಯಿತು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಂತೆ. ಆಮೇಲೆ ಅವರು ಹೊತ್ತಿನ ಮೇಲೆ ಯುದ್ಧಕ್ಕೆ ನಿಂತರು. ಮನೆಯಲ್ಲಿ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ರಾತ್ರಿಯ ಊಟ ಶುರುವಾಯಿತು. ಮುಂದಿನ ಮಾಸಿಕದ ತಿಥಿ ಹೇಳಲು ಬಂದ ಆಚಾರ್ರನ್ನು ಬಾಗಿಲಲ್ಲೇ ಹಿಡಿದರು.

"ಆಚಾರ್ರ, ಈ ಸಲ ಲಗೂನ ಬಂದು ಮುಗಿಸಿಬಿಡ್ರಿ. ನಮ್ಮ ವಾಸುಗ ಹಸದಿರಬಾರದಂತ."

"ತಾಯೀ, ಪಿತೃಗಳ ಕಾಲ ಅಪರಾಹ್ಣ. ಮಧ್ಯಾಹ್ನ ಇಳಿಯೋಕೆ ಮುಂಚೆ ಮಾಡಿದ್ರೆ ಅದು ನಾಷ್ಟಾ ಆಗುತ್ತೆ, ಶ್ರಾದ್ಧ ಆಗಲ್ಲ."

"ಅಪರಾಹ್ಣ ಇಳಿಯೂ ಹೊತ್ತಿಗೆ ಬರ್ತೀರಲ್ಲ, ಏರೂ ಹೊತ್ತಿಗೆ ಬರ್ರಿ. ಹೋದವರ ಹೊತ್ತು ನೀವು ನೋಡ್ತೀರಿ. ಇದ್ದವನ ಹೊತ್ತು ಯಾರು ನೋಡಬೇಕು?"

ಆಚಾರ್ರು ಸೈಕಲ್ಲಿಗೆ ಒರಗಿ ನಿಂತು ಬೆವರು ಒರೆಸಿಕೊಂಡರು. ಆಮೇಲೆ ಸ್ವರ ತಗ್ಗಿಸಿ, "ನಿಜ ಹೇಳ್ಬೇಕು ಅಂದ್ರೆ ನನಗೂ ಸಕ್ಕರೆ ಕಾಯಿಲೆ ತಾಯೀ, ತಡವಾದ್ರೆ ತಲೆ ಸುತ್ತುತ್ತೆ. ಆ ದಿನ ಮೊದಲು ನಿಮ್ಮ ಮನೆಗೇ ಬರ್ತೀನಿ ಬಿಡಿ" ಎಂದರು. ಇಷ್ಟು ತಿಂಗಳು ನನ್ನ ಹಸಿವೆಯನ್ನು ಶಾಸ್ತ್ರದ ತಲೆಗೆ ಕಟ್ಟಿದ್ದೆ. ಅದು ಬರೀ ಸೈಕಲ್ಲಿನ ದಾರಿಯದಾಗಿತ್ತು.

ಹೊತ್ತು ಗೆದ್ದ ಹುರುಪಿನಲ್ಲಿ ವೈನಿ ಆ ಮಾಸಿಕಕ್ಕೆ ಹೊಸ ತುಪ್ಪ ಕಾಯಿಸಿದರು. ಆಚಾರ್ರು ಮಾತಿನಂತೆ ಬೇಗ ಬಂದರು. ಕಾಗೆ ಕೂಡ ಅಂದು ಬೇಗ ಬಂತು. ಎಲ್ಲರೂ ಸೇರಿ ನನ್ನನ್ನು ಎಲೆಯ ಮುಂದೆ ಕೂರಿಸಲು ಆತುರಪಟ್ಟಂತೆ. ಬಿಸಿ ಅನ್ನ ಬಿತ್ತು. ಎರಡು ವಡೆ ಬಿದ್ದವು. ವೈನಿ ತುಪ್ಪದ ಮಿಳ್ಳೆ ಹಿಡಿದು ಬಂದರು. ನನಗೆ ಕಂಡದ್ದು ತುಪ್ಪವಲ್ಲ, ಗಾಜಿನ ನಳಿಗೆಯಲ್ಲಿ ನಿಂತ ಗಂಜಿ. ಕೋಣೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅವಳ ಕಣ್ಣು ನನ್ನ ಮೇಲಿತ್ತು. ತಿಂದುಬಿಡು, ಇದೊಂದು ಸಲ, ಎಂದು ನನಗೆ ನಾನೇ ಹೇಳಿಕೊಂಡೆ. ಮಿಳ್ಳೆ ಬಗ್ಗಿತು. ನನ್ನ ಎರಡೂ ಕೈ ತಾವಾಗಿಯೇ ಎದ್ದು ಎಲೆಗೆ ಅಡ್ಡ ಬಂದವು. ತುಪ್ಪದ ಮೊದಲ ಹನಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಸುಟ್ಟಿತು.

"ಬ್ಯಾಡ ವೈನಿ."

ಶ್ರಾದ್ಧದ ಎಲೆಯ ಮುಂದೆ ಕೂತು ಯಾರೂ ಆಡದ ಮಾತು. ಪಡಸಾಲೆಯಲ್ಲಿ ತಾಂಬೂಲ ಹಾಕಿಕೊಳ್ಳುತ್ತಿದ್ದ ಆಚಾರ್ರ ಬಾಯಿ ಕೂಡ ನಿಂತಿತು. ವೈನಿ ಮಿಳ್ಳೆಯನ್ನು ಹಾಗೇ ಗಾಳಿಯಲ್ಲಿ ಹಿಡಿದಿದ್ದರು. ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಬಂದದ್ದು ಅಳುವಲ್ಲ. ನಾನು ಅವರಲ್ಲಿ ಎಂದೂ ನೋಡದ ಸಿಟ್ಟು. ಮಿಳ್ಳೆಯೊಂದಿಗೆ ಒಳಗೆ ಹೋದರು. ನಾನು ಒಣ ಅನ್ನವನ್ನು ಸಾರಿನಲ್ಲಿ ಕಲಸಿ ನುಂಗಿದೆ. ಅದು ಇಳಿಯಲು ಪಟ್ಟ ಕಷ್ಟವನ್ನು ಯಾವ ತುಪ್ಪವೂ ಕೊಟ್ಟಿರಲಿಲ್ಲ.

ಆಮೇಲೆ ವೈನಿ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು. ಅಡುಗೆ ಬದಲಾಯಿತು, ಯಾರೂ ಹೇಳದೆ. ಪಡವಲಕಾಯಿ ಬಂತು, ಜೋಳದ ರೊಟ್ಟಿ ಬಂತು, ಎಣ್ಣೆಯಿಲ್ಲದ ಬಾಣಲೆಯಲ್ಲಿ ಒಗ್ಗರಣೆಯ ಸಾಸಿವೆ ಒಂಟಿಯಾಗಿ ಸಿಡಿಯಿತು. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರುತ್ತಿತ್ತು. ಬಡಿಸುವವರ ಮುಖ ಮಾತ್ರ ಬರುತ್ತಿರಲಿಲ್ಲ. ಮಾಸಿಕಗಳಲ್ಲಿ ತುಪ್ಪದ ಮಿಳ್ಳೆ ಎಲೆಯ ಮೇಲೆ ಒಮ್ಮೆ ಶಾಸ್ತ್ರಕ್ಕೆ ತಾಗಿ ಹಿಂದಿರುಗುತ್ತಿತ್ತು. ಅಷ್ಟು ಹಿತವಾದ ಊಟವನ್ನು ಅಷ್ಟು ಹೆದರುತ್ತ ನಾನು ಎಂದೂ ಉಂಡಿರಲಿಲ್ಲ.

ವರ್ಷಾಂತಿಕ ಕಳೆದ ಮೇಲೆ, ಯಾರ ಶ್ರಾದ್ಧವೂ ಇಲ್ಲದ ಒಂದು ವಾರ ನೋಡಿ ಮತ್ತೆ ರಕ್ತ ಕೊಟ್ಟೆ. ಈ ಸಲ ಡಾಕ್ಟರು ಬಾಗಿಲು ಹಾಕಿಸಲಿಲ್ಲ. "ವೆರಿ ಗುಡ್! ಮೇಲೆ ತಿಳಿ ನಿಂತಿದೆ ಕಣ್ರೀ. ಕೊಬ್ಬು ಚೆನ್ನಾಗಿ ಇಳಿದಿದೆ. ಮನೇಲಿ ಅಡುಗೆ ಯಾರು ಮಾಡ್ತಾರೋ ಅವರಿಗೆ ನನ್ನ ನಮಸ್ಕಾರ ಹೇಳಿ" ಎಂದರು. ಆರ್.ಟಿ. ನಗರದಿಂದ ಗಂಗಾನಗರಕ್ಕೆ ನಡೆದೇ ಹೊರಟೆ. ಎಷ್ಟೋ ತಿಂಗಳ ಮೇಲೆ ಎದೆಯನ್ನು ಮರೆತು ನಡೆದೆ. ವೈನಿಗೆ ಡಾಕ್ಟರ ನಮಸ್ಕಾರವನ್ನು ಹೇಗೆ ಹೇಳಬೇಕು, ಮೊದಲು ಸುದ್ದಿಯೋ ಮೊದಲು ನಮಸ್ಕಾರವೋ ಎಂದು ಜೋಡಿಸಿಕೊಳ್ಳುತ್ತ ನಮ್ಮ ಗೇಟಿನವರೆಗೆ ಬಂದವನು ಚಿಲಕದ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಊಟ ಬದಲಾಯಿಸಿದ್ದರಿಂದ ನನ್ನ ರಕ್ತ ತಿಳಿಯಾಯಿತು. ಹಾಗಾದರೆ ಅಣ್ಣನದು? ಕೆಟ್ಟ ಫಲ ತಂದಿದ್ದರೆ ಅದರಲ್ಲಿ ವೈನಿಗೆ ತಪ್ಪಿಸಿಕೊಳ್ಳಲು ಒಂದು ಸಂದಿಯಿತ್ತು: ಊಟಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಬಹುದಿತ್ತು. ನಾನು ತಂದದ್ದು ಒಳ್ಳೆಯ ಫಲ. ಅದರಲ್ಲಿ ಸಂದಿಯೇ ಇರಲಿಲ್ಲ. ಚಿಲಕ ತೆಗೆಯದೆ ಹಿಂದಿರುಗಿ ಹೆಬ್ಬಾಳದ ಕೆರೆಯವರೆಗೆ ಹೋಗಿ ಬಂದರೆ ಹೇಗೆ ಎಂದು ಯೋಚಿಸಿದೆ. ಅಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ವೈನಿ ತಲೆಯೆತ್ತದೆ ಕೇಳಿದರು: "ಗೇಟಿನ್ಯಾಗ ಯಾಕ ನಿಂತಿ? ಏನಂದ್ರು?"

"ಕಡಿಮಿ ಆಗೇದಂತ ವೈನಿ."

ಅವರೆಕಾಯಿಯ ಸಿಪ್ಪೆ ಬಿರಿಯುವ ಸದ್ದು ನಿಂತಿತು.

"ಅಂದ್ರ ಊಟದಿಂದನ ಆಗಿತ್ತು."

ನಾನು ಒಮ್ಮೆಗೇ ಮಾತಾಡತೊಡಗಿದೆ. ಹಾಗೇನಿಲ್ಲ, ಅಣ್ಣನಿಗೆ ಪಾಳಿ ಕೆಲಸ, ನಿದ್ದೆ ಸರಿಯಿರಲಿಲ್ಲ, ಯಂತ್ರದ ಸದ್ದು, ವಂಶದಲ್ಲೇ ಇರಬಹುದು, ಡಾಕ್ಟರು ನಿಮಗೆ ನಮಸ್ಕಾರ ಹೇಳಿದ್ದಾರೆ, ಹೊತ್ತಲ್ಲದ ಹೊತ್ತಿನ ಊಟ. ನಮಸ್ಕಾರ ಎಲ್ಲಿ ಬರಬಾರದಾಗಿತ್ತೋ ಅಲ್ಲಿ ಬಂತು.

"ಸುಮ್ಮನಿರೋ ವಾಸು," ಎಂದರು ವೈನಿ. "ತುಪ್ಪದ ಮಾತು ಡಾಕ್ಟ್ರು ಆಡಿದ್ರು ಅಂತ ನನಗ ಅವತ್ತ ಗೊತ್ತಾಗಿತ್ತು, ನಂಬಲಿಕ್ಕೆ ಮನಸ್ಸಾಗಲಿಲ್ಲ ಅಷ್ಟ. ನಿನಗ ಸುಳ್ಳು ಹೇಳಲಿಕ್ಕೆ ಬರೂದಿಲ್ಲ, ಸಣ್ಣವಿದ್ದಾಗಿಂದ." ಒಂದು ಕಾಯಿ ತೆಗೆದುಕೊಂಡರು, ಸುಲಿಯಲಿಲ್ಲ. "ನೀ ಕೈ ಅಡ್ಡ ಹಿಡದಿ ನೋಡು, ಅವತ್ತು ನನಗ ಎಷ್ಟು ಸಿಟ್ಟು ಬಂತು ಗೊತ್ತೇನು? ನಿನ್ನ ಮ್ಯಾಲಲ್ಲ. ಅವರ ಮ್ಯಾಲೆ. ಇಷ್ಟು ವರ್ಷ ಬಡಿಸಿದೆ, ಒಂದು ದಿನಾನೂ ಬ್ಯಾಡ ಅನ್ಲಿಲ್ಲ ಆ ಮನಷ್ಯಾ. ಹಾಕಿದ್ದೆಲ್ಲಾ ತಿಂದ್ರು. ಅಂದಿದ್ರ ನಾ ಹಾಕ್ತಿದ್ದೆನೇನು? ಅವರಿಗೂ ಎರಡು ಕೈ ಇದ್ವಲ್ಲೋ?"

ಆಗ ಅತ್ತರು. ಅಣ್ಣ ಹೋದ ಮೇಲೆ ಅವರು ಜೋರಾಗಿ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸರೋಜ ಒಳಗಿನಿಂದ ಓಡಿಬಂದಳು. ನಾನು ಕೆಳಗೆ ಕೂತು, ಮಾಡಲು ಬೇರೆ ಏನೂ ತೋಚದೆ, ಅವರೆಕಾಯಿ ಸುಲಿದೆ.

ಈಗ ನಮ್ಮ ಮನೆಯಲ್ಲಿ ತುಪ್ಪ ಮರಳಿ ಬಂದಿದೆ, ಹೊಸ ಕಾನೂನಿನೊಂದಿಗೆ. ವೈನಿ ಯಾರಿಗೂ ಕೇಳದೆ ಬಡಿಸುವುದಿಲ್ಲ. ಮಿಳ್ಳೆಯನ್ನು ಅನ್ನದ ಮೇಲೆ ಹಿಡಿದು, "ಹಾಕ್ಲೇನು?" ಎಂದು ನಿಲ್ಲುತ್ತಾರೆ. ಬೇಡ ಎಂದರೆ ಒತ್ತಾಯವಿಲ್ಲ, ಬೇಸರವಿಲ್ಲ. ಬಿಸಿ ಅನ್ನದ ಆವಿ ಮೇಲಕ್ಕೆ ಹೋಗುತ್ತದೆ, ತುಪ್ಪದ ವಾಸನೆ ಕೆಳಕ್ಕೆ ಇಳಿಯುತ್ತದೆ, ವೈನಿ ಕಾಯುತ್ತಾರೆ. ಅಣ್ಣ ಯಾಕೆ ಬೇಡ ಎನ್ನಲಿಲ್ಲ ಎಂಬುದು ನನಗೆ ಈಗ ದಿನಕ್ಕೆರಡು ಸಲ ಅರ್ಥವಾಗುತ್ತದೆ. ಮೊದಲು ಹೂಂ ಎನ್ನುತ್ತೇನೆ, ಮಿಳ್ಳೆ ಬಗ್ಗಿದ ಮೇಲೆ ಬೇಡ ಎನ್ನುತ್ತೇನೆ. ಕೈಯನ್ನೂ ಅಡ್ಡ ಹಿಡಿಯುತ್ತೇನೆ, ಒಂದು ಕ್ಷಣ ತಡವಾಗಿ. ಅಷ್ಟರಲ್ಲಿ ಒಂದು ಚಮಚದಷ್ಟು ಬಿದ್ದಿರುತ್ತದೆ. ಬಿದ್ದದ್ದನ್ನು ಎತ್ತಲಾಗುವುದಿಲ್ಲವಲ್ಲ, ಕಲಸಿಕೊಳ್ಳುತ್ತೇನೆ.